ಪರವಾನಗಿಯ ಬೆಳೆ: ಹುಣಸೂರು ಸೀಮೆಯಲ್ಲಿ ರೈತನ ಆಯ್ಕೆ ರೂಪುಗೊಂಡ ಬಗೆ

ಮೈಸೂರು ಜಿಲ್ಲೆಯ ಪಶ್ಚಿಮದಂಚಿನ ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಮುಂಗಾರಿನ ಮುನ್ನ ಬೀಳುವ ಮಳೆಯನ್ನು ನಂಬಿ ನಾಟಿಯಾಗುವ ವರ್ಜೀನಿಯಾ ತಂಬಾಕು, ಸ್ವಂತ ಜಮೀನಿನಲ್ಲಿಯೂ ರೈತನು ತನ್ನ ಇಚ್ಛೆಯೊಂದರಿಂದಲೇ ಬೆಳೆಯಲಾಗದ ಬೆಳೆ. ಎಷ್ಟು ಸೊಪ್ಪು ಬೆಳೆಯಬಹುದು, ಯಾವ ಬ್ಯಾರನ್ನಿನಲ್ಲಿ ಹದ ಮಾಡಬಹುದು, ಯಾವ ಹರಾಜುಕಟ್ಟೆಗೆ ಒಯ್ಯಬೇಕು ಎಂಬುದನ್ನೆಲ್ಲ ತಂಬಾಕು ಮಂಡಳಿಯ ಪರವಾನಗಿ ನಿರ್ಧರಿಸುತ್ತದೆ. ಬದುವಿನಾಚೆಯ ರಾಗಿಗಾಗಲಿ ಹುರುಳಿಗಾಗಲಿ ಇಂಥ ಅಪ್ಪಣೆ ಬೇಕಿಲ್ಲ. ಹೀಗಿದ್ದೂ ಈ ಸೀಮೆಯ ಬೆಳೆಗಾರರು ಮತ್ತೆ ಮತ್ತೆ ಮುಂದಿಡುತ್ತ ಬಂದಿರುವ ಬೇಡಿಕೆ ಪರವಾನಗಿ ರದ್ದಾಗಲಿ ಎಂಬುದಲ್ಲ, ಅದಿಲ್ಲದವರಿಗೂ ದೊರೆಯಲಿ ಎಂಬುದು. ನಿರ್ಬಂಧವೆಂದು ಕಾಣುವುದನ್ನೇ ಜನರು ಹಕ್ಕೆಂದು ಕೇಳುವ ಸ್ಥಿತಿ ಹೇಗೆ ಬಂತು ಎಂಬುದನ್ನು ಅರಿಯದೆ ಆರ್ಥಿಕ ಸ್ವಾತಂತ್ರ್ಯವೆಂದರೇನು ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುವುದಿಲ್ಲ.

ಆಯ್ಕೆಯ ಮೊದಲ ಗಡಿಯನ್ನು ಹಾಕಿದ್ದು ನೀರು. ಕಾವೇರಿ ನಾಲೆಗಳ ಆಸರೆಯಿರುವ ಕೃಷ್ಣರಾಜನಗರದ ಬಯಲಿನಲ್ಲಿ ಭತ್ತ ಸಹಜವಾಗಿ ನೆಲೆನಿಂತರೆ, ಮಳೆಯನ್ನೇ ನೆಚ್ಚಿದ ಹುಣಸೂರು–ಪಿರಿಯಾಪಟ್ಟಣದ ಮರಳುಮಿಶ್ರಿತ ಕೆಂಪು ನೆಲದಲ್ಲಿ ಕೈಗೆ ಕಾಸು ತರುವ ಬೆಳೆಗಳು ಕೆಲವೇ ಇದ್ದವು; ತಂಬಾಕು ಅವುಗಳಲ್ಲೊಂದು. ಬಲಿತ ಎಲೆಗಳನ್ನು ಬುಡದಿಂದ ಮೇಲಕ್ಕೆ ಹಂತಹಂತವಾಗಿ ಕೊಯ್ದು, ಕೋಲುಗಳಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಕಟ್ಟಡದೊಳಗೆ ತೂಗುಹಾಕಿ, ಸೌದೆಯ ಶಾಖವನ್ನು ಕೊಳವೆಗಳ ಮೂಲಕ ಹಾಯಿಸಿ, ಸುಮಾರು 35 ಡಿಗ್ರಿಯಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಮೆಲ್ಲಗೆ ಏರಿಸುತ್ತ ಐದಾರು ದಿನ ಕಾಯಿಸುವುದಕ್ಕೆ ಹದಗೊಳಿಸುವುದು ಎನ್ನುತ್ತಾರೆ. ಹೊಂಬಣ್ಣ, ಅದರಿಂದ ಬರುವ ಬೆಲೆ ಎರಡೂ ಆ ಕೆಲವು ರಾತ್ರಿಗಳ ಎಚ್ಚರದ ಮೇಲೆ ನಿಂತಿವೆ. ಹುಣಸೂರಿನಲ್ಲಿ ಕೇಂದ್ರ ತಂಬಾಕು ಸಂಶೋಧನಾ ಸಂಸ್ಥೆಯ ಕೇಂದ್ರವೊಂದು ನೆಲೆಗೊಂಡು ಈ ಮಣ್ಣಿಗೆ ಒಗ್ಗುವ ತಳಿಗಳನ್ನು ಪರೀಕ್ಷಿಸತೊಡಗಿದ ಮೇಲೆ ಬೆಳೆಯ ಬೇರು ಇನ್ನಷ್ಟು ಆಳಕ್ಕಿಳಿಯಿತು.

ಬೇರೂರಿದ್ದು ಬೆಳೆ, ಬೆಲೆಯಲ್ಲ. ಹರಾಜು ಬರುವ ಮುನ್ನ ಬೆಳೆಗಾರನು ಸೊಪ್ಪನ್ನು ಖರೀದಿದಾರನ ಬಾಗಿಲಿಗೆ ಒಯ್ಯಬೇಕಾಗಿತ್ತು. ದರ್ಜೆಯನ್ನು ಹೇಳುವವನೂ ದರವನ್ನು ಹೇಳುವವನೂ ಕೊಳ್ಳುವವನೇ ಆಗಿದ್ದನು. ಸೊಪ್ಪು ಮಾರಲೇಬೇಕೆಂದು ಯಾವ ಕಾಯಿದೆಯೂ ಬೆಳೆಗಾರನನ್ನು ಬಲವಂತಪಡಿಸಿರಲಿಲ್ಲ, ಆದರೆ ತೇವಾಂಶಕ್ಕೆ ಕೆಡುವ ಸೊಪ್ಪನ್ನು ಮನೆಯಲ್ಲಿ ಬಹುಕಾಲ ಇಟ್ಟುಕೊಳ್ಳಲಾಗದ, ಸೌದೆಗೂ ಗೊಬ್ಬರಕ್ಕೂ ಸಾಲ ಮಾಡಿದ ಮನುಷ್ಯನು ಒಲ್ಲೆನೆನ್ನುವುದು ಹೇಗೆ? ಸಂವಿಧಾನದ 19ನೆಯ ವಿಧಿಯ (1)(ಜಿ) ಉಪಖಂಡವು ಯಾವುದೇ ವೃತ್ತಿ ಅಥವಾ ವ್ಯಾಪಾರವನ್ನು ಕೈಗೊಳ್ಳುವ ಹಕ್ಕನ್ನು ಕೊಡುತ್ತದೆ. ಅದೇ ವಿಧಿಯ ಆರನೆಯ ಖಂಡವು ಸಾರ್ವಜನಿಕ ಹಿತಕ್ಕಾಗಿ ಆ ಹಕ್ಕಿನ ಮೇಲೆ ಸಮಂಜಸವಾದ ನಿರ್ಬಂಧಗಳನ್ನು ಹೇರಲು ರಾಜ್ಯಕ್ಕೆ ಅವಕಾಶ ನೀಡುತ್ತದೆ. ಹಕ್ಕು ಕಾಗದದ ಮೇಲಿದ್ದಾಗಲೂ ಆಯ್ಕೆ ಕೈಗೆಟುಕದಿರಬಹುದು ಎಂಬುದಕ್ಕೆ ಅಂದಿನ ಖರೀದಿ ಕೇಂದ್ರಗಳೇ ಸಾಕ್ಷಿಯಾಗಿದ್ದವು.

1975ರ ತಂಬಾಕು ಮಂಡಳಿ ಕಾಯಿದೆಯಂತೆ ಗುಂಟೂರನ್ನು ಕೇಂದ್ರವಾಗಿಟ್ಟುಕೊಂಡು 1976ರ ಜನವರಿ 1ರಂದು ಕೆಲಸ ಆರಂಭಿಸಿದ ಮಂಡಳಿಯು ಬೆಳೆಗಾರರ ನೋಂದಣಿ, ಬ್ಯಾರನ್ ಪರವಾನಗಿ, ವರ್ಷವರ್ಷದ ಉತ್ಪಾದನೆಯ ಮಿತಿ ಎಂಬ ಮೂರು ಹತೋಟಿಗಳನ್ನು ತಂದಿತು. ಬೇಡಿಕೆಗಿಂತ ಹೆಚ್ಚು ಬೆಳೆದು ಬೆಲೆ ನೆಲಕಚ್ಚುವುದನ್ನು ತಡೆಯುವುದು ಇದರ ಉದ್ದೇಶ. ಆದರೆ ಬೆಳೆಗಾರರ ಬದುಕನ್ನು ನಿಜವಾಗಿ ಬದಲಿಸಿದ್ದು 1984ರಲ್ಲಿ ಕರ್ನಾಟಕದಲ್ಲಿ, ಆಂಧ್ರಕ್ಕಿಂತ ಒಂದು ವರ್ಷ ಮುಂಚೆಯೇ, ಆರಂಭವಾದ ಹರಾಜು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹರಾಜುಕಟ್ಟೆಗಳಲ್ಲಿ ಸೊಪ್ಪಿನ ಬೇಲುಗಳು ಸಾಲಾಗಿ ಕುಳಿತು, ಹಲವು ಕಂಪನಿಗಳು ಒಂದೇ ಬೇಲಿಗೆ ಕೂಗಬೇಕಾಗಿ ಬಂತು. ಹಣ ಬ್ಯಾಂಕಿನ ಮೂಲಕ ಬರತೊಡಗಿತು. ಕೂಗಿದ ದರ ಒಪ್ಪಿಗೆಯಾಗದಿದ್ದರೆ ಬೇಲನ್ನು ಹಿಂದಕ್ಕೆ ಒಯ್ಯುವ ಹಕ್ಕು ಬೆಳೆಗಾರನಿಗಿದೆ. ಒಲ್ಲೆನೆನ್ನುವ ಈ ಒಂದು ಹಕ್ಕು, ಪರವಾನಗಿಯ ನೂರು ಷರತ್ತುಗಳಿಗಿಂತ ತೂಕವುಳ್ಳದ್ದೆಂದು ರೈತರು ಭಾವಿಸಿದ್ದರೆ ಅದರಲ್ಲಿ ಅಚ್ಚರಿಯೇನಿಲ್ಲ.

ಈ ನಡುವೆ ಸ್ವಾತಂತ್ರ್ಯದ ಎರಡು ಅರ್ಥಗಳು ದೇಶದ ರೈತ ಚಳವಳಿಯನ್ನೇ ಇಬ್ಭಾಗಿಸಿದ್ದವು. ಮಹಾರಾಷ್ಟ್ರದ ಶರದ್ ಜೋಶಿಯವರು ಸರ್ಕಾರದ ನಿರ್ಬಂಧ ಸಡಿಲಿ ಮಾರುಕಟ್ಟೆ ತೆರೆದರೆ ರೈತ ಬಿಡುಗಡೆ ಹೊಂದುತ್ತಾನೆಂದು ನಂಬಿ ಡಂಕೆಲ್ ಕರಡನ್ನು, ಅಂದರೆ ಜಾಗತಿಕ ವ್ಯಾಪಾರ ಒಪ್ಪಂದದ ಪ್ರಸ್ತಾವವನ್ನು, ಬೆಂಬಲಿಸಿದರು; ಕರ್ನಾಟಕ ರಾಜ್ಯ ರೈತ ಸಂಘದ ಎಂ.ಡಿ. ನಂಜುಂಡಸ್ವಾಮಿಯವರು ಬೀಜವನ್ನು ಉಳಿಸಿ ಹಂಚಿಕೊಳ್ಳುವ ಹಕ್ಕೇ ರೈತನ ಸ್ವಾತಂತ್ರ್ಯವೆಂದು ಅದನ್ನು ವಿರೋಧಿಸಿದರು. ಹುಣಸೂರಿನ ಅನುಭವ ಇವೆರಡರಲ್ಲಿ ಯಾವುದಕ್ಕೂ ಪೂರ್ತಿಯಾಗಿ ಹೊಂದುವುದಿಲ್ಲ: ಇಲ್ಲಿ ಮಾರುಕಟ್ಟೆಯ ಪೈಪೋಟಿಯನ್ನು ತಂದಿದ್ದೇ ಸರ್ಕಾರದ ಹತೋಟಿ.

ಆದರೆ ಪರವಾನಗಿ ತನ್ನದೇ ಹೊರಗಿನವರನ್ನೂ ಸೃಷ್ಟಿಸಿತು. ಹೊಸ ಪರವಾನಗಿ ಸುಲಭವಾಗಿ ಸಿಗದಿದ್ದುದರಿಂದ ಅದಿಲ್ಲದೆಯೇ ಬೆಳೆದವರು ಕಾರ್ಡ್‌ದಾರರೆಂಬ ಹೆಸರಿನಲ್ಲಿ ಅದೇ ಕಟ್ಟೆಯಲ್ಲಿ ದಂಡ ತೆತ್ತು ಮಾರಬೇಕಾಯಿತು. ಪ್ರತಿ ಹಂಗಾಮಿನಲ್ಲೂ ದಂಡ ಮನ್ನಾ ಮಾಡಿ ಎಂಬ ಕೂಗು ಏಳುವುದೂ, 2023ರಲ್ಲಿ ಆದಂತೆ ಕೆಲವು ವರ್ಷ ಕೇಂದ್ರ ಸರ್ಕಾರ ಅದಕ್ಕೆ ಒಪ್ಪುವುದೂ ವಾಡಿಕೆಯಾಗಿದೆ. ಒಂದೇ ಊರಿನ, ಒಂದೇ ಮಣ್ಣಿನ ಇಬ್ಬರಲ್ಲಿ ಒಬ್ಬನ ದುಡಿಮೆ ಹಕ್ಕೆಂದೂ ಇನ್ನೊಬ್ಬನದು ತಪ್ಪೆಂದೂ ಎಣಿಕೆಯಾಗುವುದು ನ್ಯಾಯವಲ್ಲ.

ಇವರಿಗಿಂತಲೂ ಹೊರಗಿರುವವರು ಕೂಲಿಕಾರರು. ಸೊಪ್ಪು ಮುರಿಯುವ, ಕೋಲಿಗೆ ಕಟ್ಟುವ ಕೆಲಸದ ಬಹುಪಾಲು ಹೆಂಗಸರದು. ನಾಗರಹೊಳೆಯ ಕಾಡಿನಿಂದ ಹೊರಬಿದ್ದು, ಕಾಡಂಚಿನ ಹಾಡಿಗಳಲ್ಲಿ ನೆಲೆಸಿರುವ ಜೇನುಕುರುಬ, ಬೆಟ್ಟಕುರುಬ ಕುಟುಂಬಗಳಿಗೆ ಕೊಡಗಿನ ಕಾಫಿ ತೋಟಗಳಂತೆ ಈ ಹೊಲಗಳೂ ಕೂಲಿಯ ನೆಲೆ. ಹಸಿ ಎಲೆಯ ತೇವದ ಮೂಲಕ ನಿಕೋಟಿನ್ ಚರ್ಮದೊಳಕ್ಕೆ ಇಳಿದು ತಲೆಸುತ್ತು, ವಾಂತಿ ತರುವುದನ್ನು ವೈದ್ಯರು ಹಸಿ ತಂಬಾಕು ಕಾಯಿಲೆ ಎನ್ನುತ್ತಾರೆ. ಅದರ ಅಪಾಯವನ್ನು ಹೊರುವವರಿಗೆ ಹರಾಜುಕಟ್ಟೆಯಲ್ಲಿ ಮಾತಿಲ್ಲ. ಆಯ್ಕೆಯ ಚರ್ಚೆ ಜಮೀನಿನ ಒಡೆಯನಲ್ಲಿಗೇ ನಿಂತುಬಿಟ್ಟರೆ ಅದು ಅರ್ಧ ಚರ್ಚೆ ಮಾತ್ರ.

ಬೆಳೆಯ ಇನ್ನೊಂದು ತುದಿಯಲ್ಲಿ ಸೇದುವವನಿದ್ದಾನೆ. ಸಿಗರೇಟು ಸೇದುವುದು ವೈಯಕ್ತಿಕ ಆಯ್ಕೆಯೆಂಬ ವಾದ ಹಳೆಯದು. ಆದರೆ ನಿಕೋಟಿನ್ ಚಟವಾಗಿ ಅಂಟಿಕೊಳ್ಳುವ ವಸ್ತುವಾದ್ದರಿಂದ, ಮೊದಲ ದಿನ ಆಯ್ದದ್ದನ್ನು ನೂರನೆಯ ದಿನ ಬಿಡುವ ಶಕ್ತಿಯನ್ನೇ ಅದು ಕುಂದಿಸುತ್ತದೆ. ಮಾಡುವುದರಂತೆಯೇ ಬಿಡುವುದಕ್ಕೂ ಇರುವ ನಿಜವಾದ ಸಾಮರ್ಥ್ಯವೇ ಸ್ವಾತಂತ್ರ್ಯದ ಅಳತೆಗೋಲಾದರೆ, ಸೇದುವವನನ್ನೂ ಬೆಳೆಯುವವನನ್ನೂ ಒಂದೇ ಪ್ರಶ್ನೆ ಕಾಡುತ್ತದೆ.

ಭಾರತವು 2004ರ ಫೆಬ್ರವರಿಯಲ್ಲಿ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 17ನೆಯ ವಿಧಿ, ಬೆಳೆಗಾರರಿಗೆ ಬದುಕುವ ಬೇರೆ ದಾರಿಗಳನ್ನು ಬೆಂಬಲಿಸಬೇಕೆಂದು ಹೇಳುತ್ತದೆ. ಹೆಗ್ಗಡದೇವನಕೋಟೆಯ ಹೊಲಗಳಲ್ಲಿ ಹತ್ತಿ, ಮುಸುಕಿನ ಜೋಳ, ಶುಂಠಿ ಎಲ್ಲವೂ ಬೆಳೆಯುತ್ತವೆ. ಕೇರಳದ ಬೆಳೆಗಾರರು ಗುತ್ತಿಗೆಗೆ ಜಮೀನು ಹಿಡಿದು ಹರಡಿದ ಶುಂಠಿ ಒಂದು ವರ್ಷ ಕೈತುಂಬ ಕೊಟ್ಟರೆ ಮರುವರ್ಷ ಕೊಳೆರೋಗ ಅಥವಾ ಬೆಲೆಕುಸಿತದಿಂದ ಕೈಬಿಡುತ್ತದೆ. ಈ ಬೆಳೆಗಳಾವುವಕ್ಕೂ ತಂಬಾಕಿಗಿರುವಂಥ ಮಂಡಳಿ, ಸಾಲದ ಏರ್ಪಾಡು, ಕಾಯಂ ಹರಾಜು ಒಟ್ಟಾಗಿ ಒದಗಿಲ್ಲ. ಜನರು ತಂಬಾಕನ್ನು ಬಿಡಲಾರದಿರುವುದಕ್ಕೆ ಅವರ ಹಠವಾಗಲಿ ಅಜ್ಞಾನವಾಗಲಿ ಕಾರಣವಲ್ಲ. ದೇಶವು ಈ ಸೀಮೆಯಲ್ಲಿ ಸುಸಜ್ಜಿತವಾದ ಮಾರುಕಟ್ಟೆಯನ್ನು ತಾನೇ ಹಾನಿಕರವೆಂದು ಸಾರುವ ಬೆಳೆಗೆ ಕಟ್ಟಿಕೊಟ್ಟಿದೆ.

ವರ್ಷಕ್ಕೊಮ್ಮೆ ನವೀಕರಿಸಬೇಕಿದ್ದ ನೋಂದಣಿಯ ಅವಧಿಯನ್ನು ಕೇಂದ್ರ ಸರ್ಕಾರ 2025ರಲ್ಲಿ ಮೂರು ವರ್ಷಕ್ಕೆ ವಿಸ್ತರಿಸಿತು. ಓಡಾಟವೂ ಖರ್ಚೂ ತಗ್ಗಿ ಬೆಳೆಗಾರರಿಗೆ ಇದರಿಂದ ಅನುಕೂಲವೇ ಆಗಿದೆ. ಬ್ಯಾರನ್ನನ್ನು ಮುಚ್ಚಿ ರಾಗಿಗೋ ದ್ವಿದಳಕ್ಕೋ ಮರಳಲು ಬಯಸುವವನಿಗೆ ಅಷ್ಟೇ ಮೂರು ವರ್ಷಗಳ ಸಾಲ, ಖರೀದಿ ಮತ್ತು ದರದ ಭರವಸೆಯನ್ನು ಬರೆದುಕೊಡುವ ಕೆಲಸ ಇನ್ನೂ ಬಾಕಿಯಿದೆ.