ಎಂಎಸ್ ಅಂದ್ರಾ? ಇನ್ನೊಂದು ರಕ್ತಪರೀಕ್ಷೆ ಕೇಳಿ

ಎರಡು-ಮೂರು ದಿನದಲ್ಲಿ ಒಂದು ಕಣ್ಣು ಮಂಜಾಯ್ತು, ಕಣ್ಣು ಹೊರಳಿಸಿದರೆ ನೋವು ಅಂದ್ರೆ ಲ್ಯಾಪ್‌ಟಾಪ್‌ ಮೇಲೆ ಗೂಬೆ ಕೂರಿಸಬೇಡಿ. ಅದು ಕಣ್ಣಿನ ನರದ ಉರಿಯೂತ ಇರಬಹುದು. ತಕ್ಷಣ ಡಾಕ್ಟರಿಗೆ ತೋರಿಸಿ.

ಎಂಆರ್‌ಐ ನೋಡಿ ಅವರು ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇರಬಹುದು ಅಂದರೆ, ಒಂದು ಮಾತು ಕೇಳಿ: "ಡಾಕ್ಟ್ರೇ, ಇದು ಎನ್‌ಎಂಒ ಅಲ್ಲ ತಾನೆ?"

ಎನ್‌ಎಂಒ ಅಂದರೆ ನ್ಯೂರೋಮೈಲೈಟಿಸ್ ಆಪ್ಟಿಕಾ. ಎರಡರಲ್ಲೂ ನಮ್ಮ ರೋಗನಿರೋಧಕ ವ್ಯವಸ್ಥೆಯೇ ನಮ್ಮ ಮೇಲೆ ತಿರುಗಿಬೀಳುತ್ತೆ. ಎಂಎಸ್‌ನಲ್ಲಿ ಪೆಟ್ಟು ನರತಂತುವಿನ ಹೊದಿಕೆಯಾದ ಮಯಲಿನ್‌ಗೆ. ಎನ್‌ಎಂಒ ಇರುವ ಹೆಚ್ಚಿನವರಲ್ಲಿ ಗುರಿ ಅಕ್ವಾಪೊರಿನ್-4 ಅನ್ನೋ ಪ್ರೋಟೀನ್. ಇದಕ್ಕೆ ಸಂಬಂಧಿಸಿದ ಪ್ರತಿಕಾಯ ರಕ್ತದಲ್ಲಿ ಪತ್ತೆಯಾಗಿದ್ದು 2004ರಲ್ಲಿ. ಅಲ್ಲಿಯವರೆಗೆ ಎನ್‌ಎಂಒವನ್ನು ಎಂಎಸ್‌ನದೇ ಒಂದು ರೂಪ ಎಂದುಕೊಂಡವರು ಬಹಳ ಜನ.

ಶುರುವಿನ ಚಿಕಿತ್ಸೆ ಎರಡಕ್ಕೂ ಸಾಮಾನ್ಯವಾಗಿ ಸ್ಟೀರಾಯ್ಡ್ ಡ್ರಿಪ್ಪೇ. ದಾರಿ ಬೇರೆಯಾಗೋದು ಆಮೇಲಿನ ದೀರ್ಘಕಾಲದ ಔಷಧಿಯಲ್ಲಿ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಬೀಟಾ, ಫಿಂಗೋಲಿಮಾಡ್ ಎನ್‌ಎಂಒವನ್ನು ಕೆರಳಿಸಬಹುದು. ಅಲ್ಲಿ ಒಂದೇ ದಾಳಿಗೆ ಹೋದ ದೃಷ್ಟಿ ಪೂರ್ತಿ ಮರಳದೇ ಇರಬಹುದು.

ರಕ್ತಪರೀಕ್ಷೆಯಲ್ಲೂ ಜೀವಕೋಶಗಳನ್ನು ಬಳಸಿ ಮಾಡುವ ವಿಧಾನ ಹೆಚ್ಚು ನಂಬಿಕಸ್ಥ. ನೆಗೆಟಿವ್ ಬಂದರೂ ಅನುಮಾನ ಉಳಿದಿದ್ದರೆ, ಮತ್ತೆ ಮಾಡಿಸಬೇಕಾ, ಮಾಗ್ ಪ್ರತಿಕಾಯವನ್ನೂ ನೋಡಬೇಕಾ ಅಂತ ಕೇಳಿ. ವರ್ಷಗಟ್ಟಲೆ ತಗೊಳ್ಳುವ ಔಷಧಿ ಶುರುವಾಗುವ ಮೊದಲೇ ಈ ಮಾತು ಮುಗಿದಿರಲಿ.