ಸಿರುಗುಪ್ಪದ ಭತ್ತಕ್ಕೊಂದು ಚೊಕ್ಕ ವಿಳಾಸ

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಭತ್ತ, ಹತ್ತಿ ದರ ತೋರಿಸುವ ಜಾಲತಾಣವೊಂದನ್ನು ಕಟ್ಟುತ್ತಿದ್ದೀರಿ ಎನ್ನಿ. ಊರಿಗೊಂದು, ಬೆಳೆಗೊಂದು ಫೈಲು ಮಾಡುತ್ತ ಕೂತರೆ ಮುಗಿಯುವ ಕೆಲಸವಲ್ಲ. 'ಪೇಜ್.ಪಿಎಚ್‌ಪಿ?ಐಡಿ=47' ಎಂಬ ವಿಳಾಸವನ್ನು ಫೋನಿನಲ್ಲಿ ಇನ್ನೊಬ್ಬರಿಗೆ ಹೇಳುವುದೇ ಕಷ್ಟ. ಬೇಕಾದದ್ದು '/ದರ/ಸಿರುಗುಪ್ಪ/ಭತ್ತ'. ಆ ಹೆಸರಿನ ಫೋಲ್ಡರು ಸರ್ವರಿನಲ್ಲಿ ಇರಬೇಕೆಂದೇನಿಲ್ಲ.

ತಾಲ್ಲೂಕು ಕಚೇರಿಯ ಟಪಾಲು ವಿಭಾಗದ ಹಾಗೆ ಇದು: ಅರ್ಜಿ ಯಾವುದೇ ಇರಲಿ, ಕೊಡುವುದು ಒಂದೇ ಕಡೆ; ವಿಷಯ ನೋಡಿ ಮೇಜಿಗೆ ಹಂಚುವುದು ಅವರ ಕೆಲಸ. ಇಲ್ಲಿ ಆ ಕೆಲಸ ಇಂಡೆಕ್ಸ್.ಪಿಎಚ್‌ಪಿ ಎಂಬ ಒಂದೇ ಸ್ಕ್ರಿಪ್ಟಿನದು.

ಎಲ್ಲ ಕೋರಿಕೆಗಳನ್ನೂ ಅದಕ್ಕೆ ತಲುಪಿಸಲು ಅಪಾಚೆ ಸರ್ವರಿನಲ್ಲಿ ಮಾಡ್_ರಿರೈಟ್ ಇದೆ. ಕೇಳಿದ ಹೆಸರಿನ ಫೈಲು ಇದ್ದರೆ ಅದನ್ನೇ ಕೊಡು, ಇಲ್ಲದಿದ್ದರೆ ಇಂಡೆಕ್ಸ್‌ಗೆ ಕಳಿಸು ಎಂಬುದಷ್ಟೇ ನಿಯಮ. ಮೊದಲರ್ಧ ಬಿಟ್ಟರೆ ಚಿತ್ರ, ಸ್ಟೈಲ್‌ಶೀಟುಗಳೂ ಸ್ಕ್ರಿಪ್ಟಿನ ಪಾಲಾಗಿ ಪುಟ ಬೋಳಾಗಿ ಕಾಣುತ್ತದೆ. ಇಷ್ಟೇ ಸಾಕೆನ್ನುವವರಿಗೆ 2.2.16ನೇ ಆವೃತ್ತಿಯಿಂದ 'ಫಾಲ್‌ಬ್ಯಾಕ್‌ರಿಸೋರ್ಸ್' ಎಂಬ ಒಂದೇ ಸಾಲಿದೆ. ನನಗೆ ಅದೇ ಇಷ್ಟ. ಎಂಜಿನ್‌ಎಕ್ಸ್‌ನಲ್ಲಾದರೆ 'ಟ್ರೈ_ಫೈಲ್ಸ್'. ಅಪಾಚೆಯ ಎಚ್‌ಟಿಆಕ್ಸೆಸ್ ಫೈಲಿನಲ್ಲಿ ಬರೆದ ನಿಯಮ ಕೆಲಸವೇ ಮಾಡದಿದ್ದರೆ 'ಅಲೌಓವರ್‌ರೈಡ್' ನೋಡಿ: 2.4ರಲ್ಲಿ ಅದು ತಾನಾಗಿ 'ನನ್' ಆಗಿರುತ್ತದೆ.

ಇನ್ನು ಸ್ಕ್ರಿಪ್ಟು. ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಂದಾಚೆಗಿನದನ್ನು ಕತ್ತರಿಸಿ, ಓರೆಗೆರೆಗಳಲ್ಲಿ ತುಂಡು ಮಾಡಿ, ಮೊದಲೇ ಬರೆದಿಟ್ಟ ವಿಳಾಸಗಳ ಪಟ್ಟಿಯಲ್ಲಿ ಹುಡುಕಬೇಕು. ವಿಳಾಸದಲ್ಲಿ ಬಂದ ಹೆಸರಿನ ಫೈಲನ್ನೇ ನೇರವಾಗಿ ತೆರೆಯುವ ಸೋಮಾರಿತನ ಮಾತ್ರ ಬೇಡ; ಕಳ್ಳರು ನುಗ್ಗುವುದೇ ಅಲ್ಲಿ. ಪಟ್ಟಿಯಲ್ಲಿ ಸಿಗದಿದ್ದರೆ 404 ಸಂಕೇತ ಕಳಿಸಿ. 'ಪುಟ ಸಿಗಲಿಲ್ಲ' ಎಂದು ಬರೆದು, ಎಲ್ಲ ಸರಿ ಎನ್ನುವ 200 ಕಳಿಸಿದರೆ ಗೂಗಲ್ ಅದನ್ನೂ ನಿಜವಾದ ಪುಟವೆಂದೇ ಓದಿಕೊಳ್ಳಬಹುದು.

ಕನ್ನಡ ವಿಳಾಸದ ರಗಳೆ ಬೇರೆ. ಯುಟಿಎಫ್-8ರಲ್ಲಿ ನಮ್ಮ ಪ್ರತಿ ಸಂಕೇತಕ್ಕೂ 3 ಬೈಟು. ಶೇಕಡಾ ಚಿಹ್ನೆಗಳೊಂದಿಗೆ ಸಾಗುವಾಗ ಅದು 9 ಅಕ್ಷರ. 'ಕುರುಗೋಡು' ಎಂಬ ಒಂದೇ ಹೆಸರು 72 ಅಕ್ಷರವಾಗುತ್ತದೆ. ಪಿಎಚ್‌ಪಿಯ 'ರಿಕ್ವೆಸ್ಟ್_ಯುಆರ್‌ಐ' ಅದನ್ನು ಹಾಗೇ ಕೊಡುತ್ತದೆ, ನಾವೇ ಬಿಡಿಸಿಕೊಳ್ಳಬೇಕು. ಅಲ್ಲಿಗೂ ಮುಗಿಯಲಿಲ್ಲ: 'ಗೋ'ದ ಓತ್ವ ಒಂದೇ ಸಂಕೇತವಾಗಿ ಬರಬಹುದು, ಮೂರು ತುಂಡಾಗಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆಬೇರೆ. ಹಾಗಾಗಿ ಹುಡುಕುವ ಮೊದಲು, ತುಂಡುಗಳನ್ನು ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ವಿಳಾಸವನ್ನು ತನ್ನಿ.

ಊರಿನ ಹೆಸರೂ ಬದಲಾಗುತ್ತದೆ. ಇಂಗ್ಲಿಷಿನ 'ಬೆಲ್ಲಾರಿ' ಅಧಿಕೃತವಾಗಿ 'ಬಳ್ಳಾರಿ' ಆದದ್ದು 2014ರ ನವೆಂಬರ್ 1ರಂದು. ಹಳೆಯ ಹೆಸರಿನ ಕೊಂಡಿಗಳು ಇನ್ನೂ ಎಲ್ಲೆಲ್ಲೋ ಇರುತ್ತವೆ. ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ, ಶಾಶ್ವತ ಬದಲಾವಣೆಯ 301 ಸಂಕೇತದೊಂದಿಗೆ ಹೊಸ ವಿಳಾಸಕ್ಕೆ ಕಳಿಸಿ. ಬ್ರೌಸರು 301ನ್ನು ನೆನಪಿಟ್ಟುಕೊಳ್ಳುತ್ತದೆ, ತಪ್ಪಿದ್ದರೂ ಬಿಡುವುದಿಲ್ಲ. ಆದ್ದರಿಂದ ಮೊದಲು ತಾತ್ಕಾಲಿಕವಾದ 302 ಹಾಕಿ ಪರೀಕ್ಷಿಸಿ.