ಹಾರಲು ಕಲಿಸುವ ವಿಮಾನಗಳು

ಈಜು ಕಲಿಯುವ ಹುಡುಗನನ್ನು ಯಾವ ಹಿರಿಯರೂ ಮೊದಲ ದಿನವೇ ಹೊನ್ನಾಳಿಯ ಹೊಳೆಗೆ ಇಳಿಸುವುದಿಲ್ಲ. ಜಗಳೂರು ಸೀಮೆಯವನಾದರೆ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಕೈಕಾಲು ಬಡಿಯುತ್ತಾನೆ. ಬುರುಡೆ ಬಿಚ್ಚಿದ ಮೇಲೆ ಚನ್ನಗಿರಿಯ ಸೂಳೆಕೆರೆಯಂಥ ವಿಸ್ತಾರವಾದ ನೀರು. ಸೆಳವಿರುವ ತುಂಗಭದ್ರೆ ಕಟ್ಟಕಡೆಗೆ. ಯುದ್ಧವಿಮಾನ ನಡೆಸುವವನ ಶಿಕ್ಷಣಕ್ರಮವೂ ಇದೇ. ಬಾವಿ, ಕೆರೆ, ಹೊಳೆ ಈ ಮೂರು ಮೆಟ್ಟಿಲಿಗೂ ಬೇರೆ ಬೇರೆ ವಿಮಾನಗಳುಂಟು.

ಮೊದಲ ಮೆಟ್ಟಿಲಿನ ವಿಮಾನ ಸಾಧುವಾಗಿರಬೇಕು. ಅದರ ವೇಗ ಕಡಿಮೆ. ತಪ್ಪು ಮಾಡಿದರೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ವೇಗ ತೀರ ತಗ್ಗಿದರೆ ರೆಕ್ಕೆಗೆ ಗಾಳಿಯ ಆಸರೆ ತಪ್ಪಿ ವಿಮಾನ ಕುಸಿಯುತ್ತದೆ, ಒಮ್ಮೊಮ್ಮೆ ಬುಗುರಿಯಂತೆ ತಿರುಗುತ್ತ ಕೆಳಗಿಳಿಯುತ್ತದೆ. ಶಿಕ್ಷಕನು ಬೇಕೆಂದೇ ಈ ಸ್ಥಿತಿಯನ್ನು ತಂದು, ಅದರಿಂದ ಪಾರಾಗುವ ಬಗೆಯನ್ನು ಇಲ್ಲಿಯೇ ಕಲಿಸುತ್ತಾನೆ. ಇಂಥ ವಿಮಾನವೊಂದನ್ನು ನಮ್ಮ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ತಂಡ ರೂಪಿಸಿತು. ಅದೇ ಎಚ್‌ಟಿ-2. 1951ರ ಆಗಸ್ಟ್‌ನಲ್ಲಿ ಮೊದಲು ಹಾರಿದ ಈ ಪ್ರೊಪೆಲರ್ ವಿಮಾನ, ಬಟ್ಟೆ ಹೊದಿಸಿದ ರೆಕ್ಕೆಗಳ ಟೈಗರ್ ಮಾತ್‌ನ ಸ್ಥಾನಕ್ಕೆ ಬಂದಿತು.

ಎರಡನೆಯ ಮೆಟ್ಟಿಲು ನಿಧಾನದ ಜೆಟ್. ಇಲ್ಲಿ ಎಲ್ಲವೂ ಬೇಗ ಬೇಗ ನಡೆಯುತ್ತದೆ. ಶಿಕ್ಷಾರ್ಥಿಯ ಯೋಚನೆ ವಿಮಾನಕ್ಕಿಂತ ಮುಂದೆ ಓಡಬೇಕು. ಘಾಟಗೆಯವರ ನೇತೃತ್ವದಲ್ಲಿಯೇ ರೂಪುಗೊಂಡ 'ಕಿರಣ್' 1964ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಆಕಾಶಕ್ಕೇರಿತು. ಅದರಲ್ಲಿ ಗುರುಶಿಷ್ಯರು ಮಗ್ಗುಲಲ್ಲೇ ಕೂರುತ್ತಾರೆ. ಶಿಷ್ಯನ ಕೈ ನಡುಗಿದರೂ ಗುರುವಿಗೆ ಕಾಣುತ್ತದೆ. ಮುಂದಿನ ಹಂತದ ವಿಮಾನಗಳಲ್ಲಿ ಶಿಷ್ಯ ಮುಂದೆ, ಗುರು ಹಿಂದೆ. ಒಂಟಿಯಾಗಿ ಹಾರುವ ಅಭ್ಯಾಸ ಆಸನದ ಕ್ರಮದಿಂದಲೇ ಮೊದಲಾಗುತ್ತದೆ.

ನಡುವಣ ಒಂದು ಮೆಟ್ಟಿಲು ಇಲ್ಲವಾದರೆ ಏನಾಗುತ್ತದೆ? ಈ ಪ್ರಶ್ನೆಗೆ ನಮ್ಮ ವಾಯುಪಡೆ ತೆತ್ತ ಬೆಲೆ ದೊಡ್ಡದು. ಸೂಪರ್‌ಸಾನಿಕ್ ಮಿಗ್-21 ಇಳಿಯಲು ನೆಲದತ್ತ ಬರುವಾಗಲೂ ಗಂಟೆಗೆ 300 ಕಿಲೋಮೀಟರಿಗೆ ಮಿಕ್ಕ ವೇಗದಲ್ಲಿರುತ್ತಿತ್ತು. ನಿಧಾನದ ಜೆಟ್‌ಗಳಲ್ಲಿ ಕಲಿತ ಅನೇಕ ತರುಣರು ಅದಕ್ಕೇ ಏರಬೇಕಾಯಿತು. ಕೆರೆಯಿಂದ ನೇರವಾಗಿ ಪ್ರವಾಹಕ್ಕೆ ಧುಮುಕಿದ ಹಾಗೆ. ಅಪಘಾತಗಳನ್ನು ಪರಿಶೀಲಿಸಿದ ಲಾ ಫಾಂಟೇನ್ ಸಮಿತಿ, ನಡುವೆ ಉನ್ನತ ಮಟ್ಟದ ತರಬೇತಿ ಜೆಟ್ ಬೇಕೆಂದು 1982ರಲ್ಲಿಯೇ ಹೇಳಿತ್ತು. ಆ ಜೆಟ್, ಎಂದರೆ 'ಹಾಕ್', ನಮ್ಮ ಬೀದರಿನ ವಾಯುನೆಲೆಗೆ ಬಂದದ್ದು 2008ರಲ್ಲಿ. ಕಾಲು ಶತಮಾನದ ಈ ವಿಳಂಬವನ್ನು ತರುಣರನ್ನು ಕಳೆದುಕೊಂಡ ಮನೆಗಳು ಮರೆಯಲಾರವು.

ಕೆಳಗಿನ ಮೆಟ್ಟಿಲೂ ಒಮ್ಮೆ ಮುರಿಯಿತು. ಎಚ್‌ಟಿ-2ರ ತರುವಾಯ ಬಂದ 'ದೀಪಕ್' ವಿಮಾನದ ಎಂಜಿನ್ ಹಾರಾಟದ ನಡುವೆ ನಿಂತುಹೋಗುವ ತೊಂದರೆಯಿತ್ತು. ಹೊರಕ್ಕೆ ಎಸೆದು ಜೀವ ಉಳಿಸುವ ಆಸನ ಅದರಲ್ಲಿರಲಿಲ್ಲ. 2009ರ ಜುಲೈನಲ್ಲಿ ಇಬ್ಬರು ಶಿಕ್ಷಕರು ಮಡಿದ ಮೇಲೆ ಅದನ್ನು ನಿಲ್ಲಿಸಲಾಯಿತು. ಆಮೇಲೆ ಹೊಸಬರಿಗೆ ಕಿರಣ್ ಜೆಟ್‌ನಲ್ಲಿಯೇ ಓಂಕಾರ! ಬಾವಿಯನ್ನು ಮುಚ್ಚಿ ಕೆರೆಯಲ್ಲಿ ಈಜು ಕಲಿಸಿದಂತಾಯಿತು. 2013ರಲ್ಲಿ ಸ್ವಿಟ್ಜರ್ಲೆಂಡಿನ ಪಿಲಾಟಸ್ ವಿಮಾನಗಳು ಹೈದರಾಬಾದಿನ ಬಳಿಯ ದುಂಡಿಗಲ್ ಅಕಾಡೆಮಿಗೆ ಬಂದಮೇಲೆ ಆ ಮೆಟ್ಟಿಲು ಮತ್ತೆ ಕೂಡಿತು. ಬೆಂಗಳೂರಿನಲ್ಲಿಯೇ ರೂಪಿಸಿದ ಎಚ್‌ಟಿಟಿ-40 ವಿಮಾನವು 2016ರ ಮೇ 31ರಂದು ಮೊದಲ ಹಾರಾಟ ನಡೆಸಿತು. ಅಂಥ 70 ವಿಮಾನಗಳಿಗೆ 2023ರಲ್ಲಿ ಒಪ್ಪಂದವಾಯಿತು.

ಎಲ್ಲರೂ ಯುದ್ಧವಿಮಾನಕ್ಕೇ ಏರುವವರಲ್ಲ. ಮೊದಲ ಹಂತದ ಬಳಿಕ ಒಬ್ಬೊಬ್ಬರ ಗುಣವನ್ನು ನೋಡಿ ಕೆಲವರನ್ನು ಹೆಲಿಕಾಪ್ಟರಿಗೆ, ಕೆಲವರನ್ನು ಸಾಗಾಣಿಕೆಯ ವಿಮಾನಗಳಿಗೆ ಆರಿಸುತ್ತಾರೆ. ಸಾಗಾಣಿಕೆಯವರ ಕಲಿಕೆ ನಡೆಯುವುದು ನಮ್ಮ ಯಲಹಂಕದಲ್ಲಿ.

ತರಬೇತಿ ವಿಮಾನ ಯುದ್ಧ ಗೆಲ್ಲುವುದಿಲ್ಲ. ಮೆರವಣಿಗೆಯಲ್ಲಿ ಅದಕ್ಕೆ ಚಪ್ಪಾಳೆಯೂ ಕಡಿಮೆ. ಆದರೆ ಗುರು ಕೆಳಗಿಳಿದು, 'ಈಗ ನೀನೊಬ್ಬನೇ ಹೋಗಿ ಬಾ' ಎಂದು ಬಾಗಿಲು ಮುಚ್ಚುವ ಆ ಮೊದಲ ದಿನ, ಹುಡುಗನನ್ನು ಸುರಕ್ಷಿತವಾಗಿ ನೆಲಕ್ಕೆ ತಂದು ಮುಟ್ಟಿಸುವುದು ಅದೇ. ಮಗನನ್ನೋ ಮಗಳನ್ನೋ ವಾಯುಪಡೆಗೆ ಕಳುಹಿಸಿದ ತಾಯಿಗೆ ಇದಕ್ಕಿಂತ ದೊಡ್ಡ ವಿಮಾನ ಯಾವುದಿದ್ದೀತು?